ಮೆಣಸಿನಕಾಯಿ ಗೋದಾಮಿನಲ್ಲಿ ಒಂದು ಕನ್ನಡಿ

ಪುಣೆಯ ಬಸ್ಸು ನನ್ನನ್ನು ಕೊಲ್ಹಾಪುರದಲ್ಲಿ ಇಳಿಸಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೈಯಲ್ಲಿ ಕೌದಿ ಸುತ್ತಿದ ಟ್ರಂಕು, ಅದರೊಳಗೆ ಅಂಗೈಯಗಲದ ಕನ್ನಡಿ, ಜೊತೆಗೆ ಒಂದು ಲೇಸರ್ ದೀಪ, ವೋಲ್ಟು ಏರಿಳಿಸುವ ಪೆಟ್ಟಿಗೆ. ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಪ್ರಯೋಗಾಲಯ ಇಂಥ ಕನ್ನಡಿಗಳ ಬೆನ್ನು ಹತ್ತಿತ್ತು. ಗಾಳಿಯ ಅಲುಗಾಟಕ್ಕೆ ದೂರದರ್ಶಕದಲ್ಲಿ ಕದಡಿ ಕಾಣುವ ನಕ್ಷತ್ರವನ್ನು, ಕನ್ನಡಿಯನ್ನೇ ಬಾಗಿಸಿ ತಿಳಿಗೊಳಿಸುವ ಆಸೆ. ಬಾಗಿಸಲು ಅದರ ಬೆನ್ನಿಗೆ ಪೀಜೋ ಎಂಬ ಪಿಂಗಾಣಿ ಕಡ್ಡಿಗಳಿದ್ದವು. ವಿದ್ಯುತ್ ಕೊಟ್ಟರೆ ಅವು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ಹಿಗ್ಗುತ್ತವೆ. ಎಲ್ಲವನ್ನೂ ಹಿಡಿದಿಡುವ ಉಕ್ಕಿನ ಚೌಕಟ್ಟು ಮಾಡಿದವನು ನನ್ನ ಸೋದರಮಾವ ಈರಪ್ಪ, ಕೊಲ್ಹಾಪುರದಲ್ಲಿ ಲೇಥ್ ಇಟ್ಟುಕೊಂಡಿದ್ದವನು.

ವಿದ್ಯುತ್ತು ಏರುವಾಗ ನೂರು ವೋಲ್ಟಿಗೆ ಒಂದು ಕಡೆ ನಿಲ್ಲುವ ಕನ್ನಡಿ, ಇಳಿಯುವಾಗ ಅದೇ ನೂರಕ್ಕೆ ಇನ್ನೊಂದು ಕಡೆ ನಿಲ್ಲುತ್ತಿತ್ತು. ಚೌಕಟ್ಟು ಸಡಿಲ ಎಂದರು ಪ್ರಯೋಗಾಲಯದ ಮೇಲಿನವರು. ನನಗೆ ಅನುಮಾನ ಪಿಂಗಾಣಿಯ ಮೇಲೆ. ಅದು ಹಿಂದೆ ಎಷ್ಟು ವೋಲ್ಟಿನವರೆಗೆ ಏರಿತ್ತು ಎಂಬುದನ್ನು ಮರೆಯುವುದಿಲ್ಲ, ಇಳಿಯುವಾಗ ಪೂರ್ತಿ ಕುಗ್ಗುವುದಿಲ್ಲ. ಆದರೆ ಸಡಿಲ ಎಂಬ ಮಾತು ಕಿವಿಗೆ ಬಿದ್ದಂದಿನಿಂದ ಮಾವ ಹೊಸ ಕೆಲಸ ಹಿಡಿದಿರಲಿಲ್ಲ.

"ನನ್ನ ಕಣ್ಣ ಮುಂದ ತೋರಸು. ಸಡಲ ಇದ್ರ ಲೇಥ್ ಮಾರಿಬಿಡ್ತೀನಿ," ಎಂದ.

ಅವನ ವರ್ಕ್‌ಶಾಪಿನಲ್ಲಿ ತೋರಿಸುವಂತಿರಲಿಲ್ಲ. ಪಕ್ಕದ ಫೌಂಡ್ರಿಯ ಬಡಿತಕ್ಕೆ ನೆಲವೇ ಅದುರುತ್ತಿತ್ತು. ಖಾರದ ಮಿಸಳ ತಿಂದು, ಮೂಗು ಒರೆಸಿಕೊಳ್ಳುತ್ತ ಇಚಲಕರಂಜಿಯ ಅವನ ಮನೆಗೆ ಹೋದೆವು. ಅಲ್ಲಿ ಹಿತ್ತಲಿಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಕನ್ನಡಿ ಎಳ್ಳಷ್ಟು ಅಲುಗಿದರೂ ಸರಿಯುವ, ಅದರಿಂದ ಗೋಡೆಗೆ ಬಿದ್ದ ಲೇಸರ್ ಚುಕ್ಕೆ ಮಗ್ಗದ ತಾಳಕ್ಕೆ ಕುಣಿಯತೊಡಗಿತು.

"ಇದನ್ನ ಕುಣಸಾಕ ಪುಣೆದಾಗ ಅಷ್ಟು ಕಲ್ತಿ ಏನೋ?" ಎಂದು ಅತ್ತೆ ಬಾಗಿಲಲ್ಲಿ ನಿಂತು ಛೇಡಿಸಿದಳು. ಅವಳ ಕೈಯ ಕಡಲೆಹಿಟ್ಟಿನ ಝುಣಕ, ರೊಟ್ಟಿಯ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಅಂದು ಮಾವ ಅರ್ಧ ರೊಟ್ಟಿಗೇ ಎದ್ದುಬಿಟ್ಟ.

ಮರುದಿನ ಕಾಗಲಿನಲ್ಲಿ ಬಸ್ ಬದಲಿಸಿ ಗಡಹಿಂಗ್ಲಜಕ್ಕೆ ಹೊರಟೆವು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಟಿಕೀಟು ತೆಗೆಯಲು ಮಾವ ನನಗೆ ಬಿಡಲಿಲ್ಲ. ಅವನ ಗೆಳೆಯ ಚನ್ನಬಸಪ್ಪ ಅಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅವರ ಕಲ್ಲಿನ ಗೋದಾಮಿನ ನೆಲ ಅಲುಗುವಂಥದ್ದಲ್ಲ. ಬಾಗಿಲು ಮುಚ್ಚಿದೊಡನೆ ಮೂವರಿಗೂ ಸೀನು ಹತ್ತಿತು.

"ಶೀನೂದಿದ್ರ ಈಗ ಶೀನ್ಕೋರಿ. ಆಮ್ಯಾಲ ಉಸಿರು ಸೈತ ಬಿಡಬ್ಯಾಡ್ರಿ," ಎಂದರು ಚನ್ನಬಸಪ್ಪ.

ನೂರು ವೋಲ್ಟಿಗೆ ಏರಿಸಿದೆ. ಚುಕ್ಕೆ ನಿಂತಲ್ಲಿ ಮಾವ ಪೆನ್ಸಿಲ್ ಗೆರೆ ಎಳೆದ. ಇನ್ನೂ ಮೇಲೇರಿಸಿ ಮತ್ತೆ ನೂರಕ್ಕೆ ಇಳಿಸಿದೆ. ಚುಕ್ಕೆ ಗೆರೆಯಿಂದ ಒಂದು ಬೆರಳು ಆಚೆ ನಿಂತಿತು. ಮಾವನ ಮುಖ ನೋಡಲಾಗಲಿಲ್ಲ.

ಚೌಕಟ್ಟಿಲ್ಲದೆ ಬರೀ ಪಿಂಗಾಣಿಯನ್ನೇ ಅಳೆದು, ಎಷ್ಟು ಮೇಲಿಂದ ತಿರುಗಿ ಬಂದರೆ ಎಷ್ಟು ಕಡಿಮೆ ವೋಲ್ಟು ಕೊಡಬೇಕೆಂದು ನಾನು ಮೊದಲೇ ಲೆಕ್ಕ ಹಾಕಿದ್ದೆ. ಆ ಲೆಕ್ಕದಂತೆ ಈಗ ನೂರಕ್ಕಿಂತ ಕೆಳಗೆ ಇಳಿಸಿದೆ. ಚುಕ್ಕೆ ಸರಿಯುತ್ತ ಬಂದು ಗೆರೆಯ ಬಳಿ ನಿಂತಿತು. ಅಕ್ಕಿಕಾಳಿನಷ್ಟು ಅಂತರ ಮಾತ್ರ ಉಳಿಯಿತು.

"ನೋಡ್ ಮಾಮಾ, ಬರೇ ಪಿಂಗಾಣಿ ಲೆಕ್ಕಕ್ಕ ಚುಕ್ಕಿ ವಾಪಸ್ ಬಂತು. ತಪ್ಪು ಪಿಂಗಾಣೀದು. ನಿನ್ನ ಚೌಕಟ್ಟಿಂದಲ್ಲ," ಎಂದೆ.

ಮಾವ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆ ಉಳಿದ ಅಂತರವನ್ನು ಬಹಳ ಹೊತ್ತು ನೋಡಿದ. ಎಷ್ಟೋ ದಿನಗಳ ಮೇಲೆ ನಕ್ಕ.

"ಇಷ್ಟು ತಪ್ಪು ನಂದ ಐತಿ, ತಮ್ಮಾ. ಚೌಕಟ್ಟ ಬಿಟ್ಟು ಹೋಗು, ಸರಿ ಮಾಡ್ತೀನಿ."

ಕನ್ನಡಿ ಬಿಚ್ಚಿಕೊಂಡು ಸಂಜೆಯ ಬಸ್ ಹತ್ತಿದೆ. ಮಾವ ಈಗಿಲ್ಲ, ಆ ದಾರಿಗೆ ಹೋದಾಗಲೆಲ್ಲ ಅವನ ನೆನಪು ಬಿಡದೆ ಕಾಡುತ್ತದೆ. ಅಂದು ಬಸ್ ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಅವನು ಕೈ ಬೀಸಲಿಲ್ಲ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಚೌಕಟ್ಟನ್ನು ಬೆಳಕಿಗೆ ಹಿಡಿದು, ಒಂದೊಂದೇ ಸ್ಕ್ರೂ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.