ಕೊಟ್ರಬಸಪ್ಪ ಮಾತಾಡಿಟ್ಟ ಕಾರು

ಗಂಡ ಕೊಟ್ರಬಸಪ್ಪ ತೀರಿಕೊಂಡ ಇಪ್ಪತ್ತೆರಡನೇ ದಿನ ಗುರುಬಸಮ್ಮ ಕಾರಿನ ಸಾಲ ವಿಚಾರಿಸಲು ಕುರುಗೋಡಿನಿಂದ ಬಳ್ಳಾರಿ ಬಸ್ಸು ಹತ್ತಿದಳು. ೧೯೭೭ರ ಮಾತು. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವನು ಹನ್ನೊಂದು ವರ್ಷ ಇನ್ನೊಬ್ಬರ ಬಾಡಿಗೆ ಕಾರು ಓಡಿಸಿದವನು. ಸತ್ಯನಾರಾಯಣಪೇಟೆಯ ವಕೀಲರೊಬ್ಬರ ಹಳೇ ಅಂಬಾಸಿಡರನ್ನು ಹದಿನಾರು ಸಾವಿರಕ್ಕೆ ಮಾತಾಡಿ, ಎರಡು ಸಾವಿರ ಮುಂಗಡ ಕೊಟ್ಟಿದ್ದ. ಆಮೇಲೆ ಕಾಮಾಲೆ ಬಂತು, ಹೋಗಿಬಿಟ್ಟ. ಮೂರು ತಿಂಗಳೊಳಗೆ ಬಾಕಿ ಕೊಡದಿದ್ದರೆ ಮುಂಗಡ ಮುಳುಗುತ್ತಿತ್ತು.

"ಗಂಡ ಹೋಗಿ ತಿಂಗಳಾಗಿಲ್ಲ, ಕಾರು ಬೇಕೇನ ನಿನಗ?" ಹೊರಡುವಾಗ ಅತ್ತೆ ವಿರೂಪಮ್ಮ ಅತ್ತಿದ್ದಳು.

ಗುರುಬಸಮ್ಮನಿಗೆ ಅಳು ಬರಲಿಲ್ಲ. ಊಟದ ರುಚಿಯೂ ತಿಳಿಯುತ್ತಿರಲಿಲ್ಲ. ಲೆಕ್ಕ ಮಾತ್ರ ಬರುತ್ತಿತ್ತು. ನಾಲ್ಕು ಸಾವಿರಕ್ಕೆ ಬಳೆ, ಸರ ಮಾರಿದ್ದಳು. ಇನ್ನು ಹತ್ತು ಸಾವಿರ ಬೇಕಿತ್ತು.

"ವರ್ಷಕ್ಕ ನೂರಕ್ಕ ಹನ್ನೆರಡು ಅಷ್ಟೇರಿ ಅಕ್ಕೋರ. ಬ್ಯಾಂಕಿನವ್ರು ಹದಿನಾಕು ಅಂತಾರ. ನಾವು ನಾಳೇನ ರೊಕ್ಕ ಕೊಡ್ತೀವಿ" ಎಂದ ಫೈನಾನ್ಸ್ ಕಂಪನಿಯ ಗುಮಾಸ್ತ.

"ಅಸಲು ಕಟ್ಟಿದಂಗೆಲ್ಲ ಬಡ್ಡಿ ಇಳೀತೈತೇನ್ರಿ?"

"ಇಲ್ರಿ. ಮೂರು ವರ್ಷಾನೂ ಪೂರಾ ಹತ್ತು ಸಾವಿರಕ್ಕ ಬಡ್ಡಿ."

ಬ್ಯಾಂಕಿನಲ್ಲಿ ಕೇಳಿದರೆ, ಉಳಿದ ಅಸಲಿಗಷ್ಟೇ ಬಡ್ಡಿ. ಆದರೆ ಇಬ್ಬರು ಜಾಮೀನುದಾರರು ಬೇಕು, ಆರು ವಾರ ಕಾಯಬೇಕು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಗುಣಿಸಿದಳು. ಕಂಪನಿಗೆ ಬಡ್ಡಿಯೇ ಮೂರು ಸಾವಿರದ ಆರುನೂರು. ಬ್ಯಾಂಕಿಗೆ ಎರಡು ಸಾವಿರದ ಇನ್ನೂರರ ಆಸುಪಾಸು. ಮರುದಿನ ಹೆಡ್‌ಮಾಸ್ತರರನ್ನೂ ಸಹಶಿಕ್ಷಕರೊಬ್ಬರನ್ನೂ ಜಾಮೀನಿಗೆ ಕೇಳಿದಳು.

"ಕಾರು ಯಾರು ಓಡಿಸೋರಮ್ಮ?" ಬ್ಯಾಂಕ್ ಮ್ಯಾನೇಜರು ಕೇಳಿದರು.

"ನಮ್ಮ ಮೈದುನ, ಹಾಲಸಿದ್ದಪ್ಪ. ಲೈಸೆನ್ಸ್ ಐತ್ರಿ."

ಕಾರು ಮನೆಗೆ ಬಂದ ದಿನ ಪಕ್ಕದ ಮನೆಯ ಸಾವಂತ್ರಮ್ಮ ಆರತಿ ಬೆಳಗಿದಳು. ಗುರುಬಸಮ್ಮ ಹೊಸ್ತಿಲೊಳಗೇ ನಿಂತು ನೋಡಿದಳು. ಹಸಿರು ಬಣ್ಣದ್ದು ಎಂದು ಗಂಡ ಹೇಳಿರಲಿಲ್ಲ ಎಂದಷ್ಟೇ ಅನ್ನಿಸಿತು.

ಹಾಲಸಿದ್ದಪ್ಪ ದಿನಾ ಸಿರುಗುಪ್ಪಕ್ಕೆ ಬಾಡಿಗೆ ಹೊಡೆದ. ಬಾಡಿಗೆ ಸಾಕಾಗದ ತಿಂಗಳಲ್ಲಿ ಆಕೆ ಸಂಬಳದಿಂದ ಕಂತು ಕಟ್ಟಿದಳು. ಒಂದು ಕಂತೂ ತಪ್ಪಲಿಲ್ಲ. ಈ ಮೂರು ವರ್ಷದಲ್ಲಿ ಗಂಡನ ಹೆಸರನ್ನಾಗಲಿ, ಸುದ್ದಿಯನ್ನಾಗಲಿ ಆಕೆ ಒಮ್ಮೆಯೂ ಎತ್ತಲಿಲ್ಲ.

ಕೊನೆಯ ಕಂತು ಕಟ್ಟಿ ಹೊರಬಂದಾಗ ಮೈದುನ ಕಾರಿನ ಬಾಗಿಲು ತೆಗೆದು ನಿಂತಿದ್ದ. "ಅತ್ತಿಗಿ, ಇವತ್ತಾದ್ರೂ ಮುಂದ ಕೂಡ್ರಿ."

ಕೂತಳು. ಊರು ದಾಟಿ ಎಷ್ಟೋ ಹೊತ್ತಾದ ಮೇಲೆ ಕೇಳಿದಳು: "ಅವರೂ ಹಿಂಗ ಜೋರು ಓಡಿಸ್ತಿದ್ರೇನ?"

"ಇಲ್ಲತ್ತಿಗಿ. ಅಣ್ಣ ಭಾಳ ನಿಧಾನ."

ಹಾಲಸಿದ್ದಪ್ಪ ವೇಗ ತಗ್ಗಿಸಿದ. ಹಿಂದಿನ ಅಕ್ಕಿ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ.