ಬೇಬಿಯಕ್ಕನ ಎಮ್ಮೆಗಳಿಗೆ ದಾರಿ ಬಿಡಿ

ತಮಿಳು ಕರಾವಳಿಯ ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳ ಹಿಂದೆ ಇನ್ನೂ ಬೆಳಕು ಹರಿದಿಲ್ಲ. ಬೇಬಿಯಕ್ಕ ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸಿ ಹಾಲು ಕರೆಯಲು ಕೂರುತ್ತಾರೆ. "ಹತ್ರ ಬರ್ಬೇಡಿ ಆಯ್ತಾ. ಹೊಸಬರನ್ನು ಕಂಡ್ರೆ ಇವಳು ಒದೀತಾಳೆ" ಎಂದು ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಬೇಬಿಯಕ್ಕನ ಊರು ಪುತ್ತೂರಿನ ಕಡೆ. ಗಂಡ ಐತಪ್ಪ ಇಲ್ಲಿನ ಪೇಟೆಯ ಪ್ಯಾರೀಸ್ ಕಾರ್ನರಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು. ಮದುವೆಯಾಗಿ ಬಂದಾಗ ಎಣ್ಣೂರಿನ ಈ ಬೀದಿಯಲ್ಲಿ ಗಂಡಸರು ಮೀನಿಗೆ ಹೋದರೆ, ಹೆಂಗಸರು ಎಮ್ಮೆ, ಆಡು, ಕೋಳಿ ಸಾಕಿ ಮನೆ ನಡೆಸುತ್ತಿದ್ದರು. ಬೇಬಿಯಕ್ಕ ಅವರಿಂದಲೇ ಕೆಲಸ ಕಲಿತರು. ಆಮೇಲೆ ಮೇಯುವ ಬಯಲಿನಲ್ಲಿ ಗೋದಾಮುಗಳೆದ್ದವು, ಉಳಿದ ಹುಲ್ಲಿನ ಮೇಲೆ ಸ್ಥಾವರದ ಬೂದಿ ಕೂತಿತು. ಹೋಟೆಲುಗಳು ಪ್ಯಾಕೆಟ್ ಹಾಲಿಗೆ ತಿರುಗಿದವು. ಬ್ರಾಯ್ಲರ್ ಅಂಗಡಿ ಬಂದ ಮೇಲೆ ಅಂಗಳದ ಕೋಳಿಗಳೂ ಹೋದವು. ಕೊಟ್ಟಿಗೆಗಳು ಬಾಡಿಗೆ ಕೋಣೆಗಳಾದವು. ಕೊನೆಗೆ ಬೀದಿಯಲ್ಲಿ ಉಳಿದದ್ದು ಬೇಬಿಯಕ್ಕನ ಆರು ಎಮ್ಮೆ ಮಾತ್ರ.

ಹೋದ ಬೇಸಿಗೆಯಲ್ಲಿ ಬೂದಿ ಸಾಗಿಸುವ ಗುತ್ತಿಗೆದಾರನೊಬ್ಬ ಎಮ್ಮೆಗಳು ಮೀಯುವ ಕೆರೆಯ ದಾರಿಗೆ ಗೇಟು ಹಾಕಿಸಿದ. ನೀರಿಗಿಳಿಯಲಾಗದೆ ಎಮ್ಮೆಗಳು ಬಿಸಿಲಲ್ಲಿ ಬಸವಳಿದವು. ಗಬ್ಬದ ಎಮ್ಮೆಯೊಂದು ದಿನ ತುಂಬುವ ಮೊದಲೇ ಕಂದು ಹಾಕಿತು. "ಮಾರಿಬಿಡಮ್ಮಾ" ಎಂದ ಗೇಟಿನ ಕಾವಲುಗಾರನಿಗೆ ಬೇಬಿಯಕ್ಕ ಕೇಳಿದರಂತೆ: "ನಾನೆಂತಕ್ಕೆ ಮಾರುದು? ಊರಿನ ದಾರಿಯನ್ನು ಮಾರಿದ್ದು ಯಾರು, ಅದು ಹೇಳು."

ಮರುದಿನ ಬೆಳಿಗ್ಗೆ ಎಮ್ಮೆಗಳನ್ನು ಗೇಟಿಗೇ ಹೊಡೆದುಕೊಂಡು ಹೋದರು. ಅವು ಬೂದಿ ಲಾರಿಗಳ ಮುಂದೆ ಆರಾಮವಾಗಿ ಮಲಗಿಬಿಟ್ಟವು. ಹಾರನ್ನುಗಳು ಅರಚಿದವು. ಐತಪ್ಪನವರು ಹೆಂಡತಿಯ ಹತ್ತಿರ ಓಡಿ ಬಂದರು. "ಪೊಲೀಸು ಬಂದ್ರೆ ಎಂತ ಮಾಡುದು?"

"ಬರ್ಲಿ. ಎಮ್ಮೆಯನ್ನು ಅವರೇ ಎಬ್ಬಿಸ್ಲಿ!"

ಪೊಲೀಸರು ಬಂದರು, ಲಾಠಿಯಿಂದ ತಿವಿದರು. ಎಮ್ಮೆಗಳು ಕಿವಿ ಬಡಿದವೇ ಹೊರತು ಏಳಲಿಲ್ಲ. ಅಷ್ಟರಲ್ಲಿ ಎದುರುಮನೆಯ ಕೌಸಲ್ಯಾ ಕೊಡದಲ್ಲಿ ನೀರು ತಂದು ಎಮ್ಮೆಗಳ ಬೆನ್ನಿಗೆ ಸುರಿದು, ಅಲ್ಲೇ ಕೂತರು. ಎಂದೋ ಎಮ್ಮೆ ಮಾರಿದ್ದ ಹೆಂಗಸರೆಲ್ಲ ಬಂದು ಕೂತರು. ಇದು ತಮ್ಮ ಅಜ್ಜಿಯಂದಿರ ಕಾಲದ ದಾರಿ ಎಂದು ತಮಿಳಿನಲ್ಲಿ ಕೂಗಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಗೇಟು ತೆರೆಯಿತು.

ಗುತ್ತಿಗೆದಾರ ಸುಮ್ಮನಾಗಿಲ್ಲ, ರಸ್ತೆ ತಡೆದರೆಂದು ದೂರು ಕೊಟ್ಟಿದ್ದಾನೆ. "ಕೋರ್ಟಿಗೆ ಕರೆದ್ರೆ ಹೋಗುದು. ಹಾಲು ಕರೆದಿಟ್ಟೇ ಹೋಗುದು" ಎನ್ನುತ್ತಾರೆ ಬೇಬಿಯಕ್ಕ, ಹಾಲಿನ ಕ್ಯಾನು ಎತ್ತಿಕೊಳ್ಳುತ್ತಾ. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ.

"ಕೌಸಲ್ಯಾ ಮೊನ್ನೆ ಒಂದು ಎಮ್ಮೆ ತಂದಿದ್ದಾಳೆ. ಪೇಪರಲ್ಲಿ ಅದನ್ನೂ ಬರೀರಿ. ಇನ್ನೊಮ್ಮೆ ಗೇಟು ಹಾಕಿದ್ರೆ ನಾವು ಏಳು ಎಮ್ಮೆ ತರುದು ಅಂತ ಆ ಜನಕ್ಕೆ ಗೊತ್ತಿರ್ಲಿ."