ಲುದಿವಿಯಾಳ ಹಂಡೆಯ ಕದನವಿರಾಮ

ಎಲ್ಲರೂ ‘ದೋನ್ಯಾ’, ಅಮ್ಮಾವ್ರೇ, ಎಂದು ಕರೆಯುವ ಲುದಿವಿಯಾಳ ಸೌಟಿಗೆ ಎಲ್ ರೆಪೆಚೋ ಬೆಟ್ಟದಲ್ಲಿದ್ದ ಗೌರವ ದೊಡ್ಡ ದೊಡ್ಡ ಸೇನಾಪತಿಗಳ ಖಡ್ಗಕ್ಕೂ ಇದ್ದಿರಲಿಕ್ಕಿಲ್ಲ. ಅದೇ ಸೌಟಿನಿಂದ ಆಕೆ ಬೆಟ್ಟಕ್ಕೆಲ್ಲ ಬಡಿಸಿದ್ದಾಳೆ, ಸೋಮಾರಿಗಳ ಬೆನ್ನಿಗೂ ಬಿಟ್ಟಿದ್ದಾಳೆ. ಒಮ್ಮೆ ಓಟು ಕೇಳಲು ಬಂದ ಅಭ್ಯರ್ಥಿಯ ಕೈಗೆ ಸೌಟು ಕೊಟ್ಟು ಒಂದು ಗಂಟೆ ಹಂಡೆ ಕಲಕಿಸಿದ್ದಳು. ಅವನು ಗೆದ್ದ. ಆಮೇಲೆ ಬೆಟ್ಟದ ಕಡೆ ತಲೆ ಹಾಕಲಿಲ್ಲ.

ಅವಳು ಬಂದದ್ದು ಉರಾಬಾ ಸೀಮೆಯ ಬಾಳೆತೋಟದಿಂದ. ಗಂಡನನ್ನು ಅಲ್ಲೇ ಮಣ್ಣು ಮಾಡಿ, ಮಗ ಫೆರ್ನೆಯನ್ನು ಕಂಕುಳಲ್ಲಿ ಎತ್ತಿಕೊಂಡು. ಬಂದೂಕಿನವರು ಮನೆ ಖಾಲಿ ಮಾಡಲು ಬೆಳಗಾಗುವ ತನಕ ಪುರುಸೊತ್ತು ಕೊಟ್ಟಿದ್ದರು. ಆ ದೊಡ್ಡ ಮನಸ್ಸನ್ನು ಅವಳು ಈಗಲೂ ಹೊಗಳುತ್ತಾಳೆ. ಇಲ್ಲಿ ಮೊದಲು ಹಲಗೆ, ಮೇಲೆ ತಗಡು, ಆಮೇಲೆ ವರ್ಷಕ್ಕೊಂದು ಸಾಲಿನಂತೆ ಇಟ್ಟಿಗೆ ಬಂದು ಮನೆ ಎದ್ದಿತು. ದಾರಿ ಮಾತ್ರ ಇರಲಿಲ್ಲ. ಮಳೆ ಬಂದ ದಿನ ಬೆಟ್ಟದ ಜನ ಕುಂಡೆಯ ಮೇಲೆ ಜಾರಿಕೊಂಡೇ ಕೆಳಗಿನ ನಗರಕ್ಕೆ ಕೆಲಸಕ್ಕೆ ಇಳಿಯುತ್ತಿದ್ದರು.

ಹಾಗಾಗಿ ಭಾನುವಾರಗಳಂದು ಕೊನ್ವೀತೆ ಶುರುವಾಯಿತು. ಎಲ್ಲರೂ ಮುಯ್ಯಾಳಾಗಿ ಮರಳು ಹೊರುವುದು, ಮೆಟ್ಟಿಲು ಕಟ್ಟುವುದು. ನಡುವೆ ಮೂರು ಕಲ್ಲಿನ ಮೇಲೆ ಲುದಿವಿಯಾಳ ಹಂಡೆ. ಒಬ್ಬ ಮರಗೆಣಸು ತಂದರೆ ಇನ್ನೊಬ್ಬ ಬಾಳೆಕಾಯಿ, ಮತ್ತೊಬ್ಬ ಎಲ್ಲಿಂದಲೋ ಒಂದು ಕೋಳಿ. ಕೋಳಿಯ ಊರು ಕೇಳುವ ಪದ್ಧತಿ ಇರಲಿಲ್ಲ. ಕುಡಿದು ಒಬ್ಬರ ಮೇಲೊಬ್ಬರು ಸಲಿಕೆ ಎತ್ತುವವರು ಹೆಚ್ಚಾದಾಗ ಲುದಿವಿಯಾ ಒಂದು ಕಾನೂನು ಮಾಡಿದಳು: ಹಂಡೆಗೆ ಏನಾದರೂ ಹಾಕಿದವನು ಆ ದಿನದ ನೆಂಟ, ಒಲೆ ಉರಿಯುವಷ್ಟು ಹೊತ್ತು ಅವನ ಮೈ ಮುಟ್ಟಬಾರದು. ಸಂಸತ್ತು ಮಾಡಿದ ಕಾನೂನುಗಳು ಬೆಟ್ಟ ಹತ್ತುವಾಗಲೇ ಏದುಸಿರು ಬಿಟ್ಟು ಕೂತುಬಿಡುತ್ತಿದ್ದವು. ಇದು ನಿಂತಿತು.

ಮುಂದೆ ಬೆಟ್ಟದಲ್ಲಿ ಪಿಸ್ತೂಲಿನ ಹುಡುಗರು ಹುಟ್ಟಿಕೊಂಡಾಗಲೂ ನಿಂತಿತು. ಅವರೂ ಅದೇ ಹಂಡೆ ಉಂಡು ಬೆಳೆದವರು. ಆದರೆ ಮೆಟ್ಟಿಲುಗಳ ನಡುವೆ, ಕಾರ್ಮೆನ್ ಮಾತೆಯ ವಿಗ್ರಹವಿಟ್ಟ ಗೂಡಿನ ಹತ್ತಿರ, ಅವರು ಒಂದು ಗೆರೆ ಎಳೆದರು. ಕಣ್ಣಿಗೆ ಕಾಣದ ಗೆರೆ. ಕೆಳಗಿನವರು ಮೇಲೆ ಹೋಗುವಂತಿಲ್ಲ, ಮೇಲಿನವರು ಕೆಳಗೆ ಬರುವಂತಿಲ್ಲ; ದಾಟಿದವನಿಗೆ ಗುಂಡು. ಫೆರ್ನೆ ಮೇಲಿನ ನಿದಿಯಾಳನ್ನು ಮದುವೆಯಾಗಿ ಅವಳ ಮನೆ ಸೇರಿದ್ದ. ಅಂದಿನಿಂದ ತಾಯಿ ಮಗ ತಮ್ಮ ತಮ್ಮ ತಾರಸಿಯ ಮೇಲೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ಫೋನಿನಲ್ಲಿ ಮಾತಾಡುತ್ತಿದ್ದರು.

ಇಂತಿರಲು ನಗರಕ್ಕೆ ಬೆಟ್ಟದ ಮೇಲೆ ಪ್ರೀತಿ ಉಕ್ಕಿತು. ಮೆಟ್ಟಿಲುಗಳಿಗೆ ಬಣ್ಣ, ಗೋಡೆಗಳಿಗೆ ಗಿಳಿ, ಬ್ಯಾಂಡಿನವರು, ಒಂದು ಬ್ಯಾನರು: ‘ಸುರಕ್ಷಿತ ನಗರ, ಎಲ್ಲರ ನಗರ, ನಮ್ಮ ಹೆಮ್ಮೆ’. ಉದ್ಘಾಟನೆಯ ಭಾನುವಾರ ಲುದಿವಿಯಾ ತಾನೂ ಕೊನ್ವೀತೆ ಸಾರಿದಳು. ಕೊನೆಯ ಕಟ್ಟೆಗೆ ಬಣ್ಣ ಬಳಿಯುವ ನೆಪ. ಮಗನಿಗೆ ಫೋನು ಮಾಡಿದಳು.

“ಬಾರೋ. ಒಲೆ ಹಚ್ಚಿದೀನಿ.”

“ಒಲೆ ಆರೋದ್ರೊಳಗೆ ವಾಪಸ್ ಬರ್ಬೇಕು ಅಮ್ಮಾ.”

“ನನ್ನ ಒಲೆ, ನನ್ನ ಸೌದೆ. ಬಾ ಅಂದ್ರೆ ಬಾ.”

ಫೆರ್ನೆ ಬಾಳೆಗೊನೆ ಹೊತ್ತು ಇಳಿದು ಬಂದ. ಗೂಡಿನ ಬಳಿ ಕೆಳಗಿನ ಹುಡುಗರ ನಾಯಕ ದುಬೆರ್ನೆ ಗೊನೆಯನ್ನು ನೋಡಿ ಪಕ್ಕಕ್ಕೆ ಸರಿದ. ಬಾಳೆಕಾಯಿ ಹಂಡೆಗೆ ಬಿತ್ತು. ತಾಯಿ ಮಗನನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು, ಮಾರುಕಟ್ಟೆಯಲ್ಲಿ ಆಡು ನೋಡುವ ಹಾಗೆ.

“ಏನೋ ಇದು, ಮೂಳೆ! ಆ ನಿದಿಯಾ ಅನ್ನ ಹಾಕ್ತಾಳೋ, ಬರೀ ಫೋಟೋ ತೋರಿಸ್ತಾಳೋ?”

“ನಿನ್ನ ನಾಲಿಗೆ ಮಾತ್ರ ಹಂಗೇ ಇದೆಯಮ್ಮಾ.”

ಅವನು ಉಂಡು ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಬಿಡಲಿಲ್ಲ. ಹಂಡೆಗೆ ಮತ್ತೆ ನೀರು ಹೊಯ್ದಳು, ಮತ್ತೆ ಸೌದೆ ತುರುಕಿದಳು. ಅವನು ಎದ್ದಾಗಲೆಲ್ಲ, “ಮರಗೆಣಸು ಬೆಂದಿಲ್ಲ, ಕೂತ್ಕೋ” ಎಂದಳು. ಮರಗೆಣಸು ಕರಗಿ ಸಾರಿನಲ್ಲಿ ಒಂದಾಗಿ ಎಷ್ಟೋ ಹೊತ್ತಾಗಿತ್ತು. ಹುಡುಗರು ನಾಲ್ಕನೇ ಬಟ್ಟಲು ಉಣ್ಣುತ್ತ ಮುಸಿಮುಸಿ ನಕ್ಕರು. ಸಂಜೆಯವರೆಗೂ ಹೀಗೇ ಎಳೆದಳು.

ಆಗ ಪ್ರತ್ಯಕ್ಷನಾದ, ಸಮಾರಂಭದ ಗುತ್ತಿಗೆ ಹಿಡಿದಿದ್ದ ಕಂಪನಿಯ ವೀರಯೋಧ: ಮೈಮೇಲೆ ಹೊಳೆಯುವ ಹಳದಿ ಅಂಗಿ, ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು.

“ಯಾರಮ್ಮ ಇಲ್ಲಿ ಒಲೆ ಹಚ್ಚಿದ್ದು? ಜನ ಸೇರೋ ಜಾಗ. ಅಪಾಯ ಆಗುತ್ತೆ.”

“ಅಪಾಯ ಆಗಬಾರ್ದು ಅಂತಲೇ ಹಚ್ಚಿರೋದು ಕಣಪ್ಪಾ. ಮುಟ್ಟಬೇಡ, ನಿನ್ನ ದಮ್ಮಯ್ಯ.”

ಅವನು ಹಳ್ಳಿ ಮುದುಕಿಯ ತಮಾಷೆಗೆ ಮನಸಾರೆ ನಕ್ಕು ಸಿಲಿಂಡರಿನ ಮೂತಿ ತಿರುಗಿಸಿದ. ಬುಸ್ ಎಂದು ಬಿಳಿ ಪುಡಿ ಒಲೆಯ ಮೇಲೆ, ಹಂಡೆಯೊಳಗೆ, ಲುದಿವಿಯಾಳ ರೆಪ್ಪೆಯ ಮೇಲೆ ಕೂತಿತು. ಸುರಕ್ಷತೆಯನ್ನು ಸ್ಥಾಪಿಸಿ ಅವನು ಮುಂದೆ ನಡೆದ.

ಬೆಟ್ಟದವರು ಒಬ್ಬೊಬ್ಬರಾಗಿ ಮನೆ ಸೇರಿಕೊಂಡರು. ಪೊಲೀಸರು ಇದ್ದರು, ಕೆಳಗೆ, ಗಣ್ಯರ ಕಾರುಗಳ ಸುತ್ತ. ದುಬೆರ್ನೆ ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡ.

“ದೋನ್ಯಾ, ಒಲೆ ಆರ್ತು.”

“ನಾನು ಆರಿಸಲಿಲ್ಲ.”

“ಯಾರು ಆರಿಸಿದ್ರೂ ಆರ್ತು ಅಲ್ವಾ.”

ಲುದಿವಿಯಾ ಬರಿಗೈಯಲ್ಲೇ ಪುಡಿ ಕೆದಕಿದಳು. ತಳದಲ್ಲಿ ಒಂದೇ ಒಂದು ಕೆಂಡ ಉಸಿರಾಡುತ್ತಿತ್ತು. ಅದನ್ನು ಹಾಲಿನ ಪುಡಿಯ ಡಬ್ಬಿಗೆ ಹಾಕಿಕೊಂಡು, “ಇದೋ ನೋಡ್ರೋ, ಉರೀತಿದೆ. ನಡಿ ಫೆರ್ನೆ” ಎಂದು ಮೆಟ್ಟಿಲು ಹತ್ತತೊಡಗಿದಳು. ಮಗನನ್ನು ಮುಂದೆ ಬಿಟ್ಟು, ತಾನು ಹುಡುಗರಿಗೆ ಮುಖ ಮಾಡಿ, ಹಿಂದು ಹಿಂದಾಗಿಯೇ ಹತ್ತಿದಳು. ಅಗಲವಾದ ಹೆಂಗಸು. ಅವಳ ಹಿಂದೆ, ಬಗ್ಗಿಕೊಂಡು ಹತ್ತುತ್ತಿದ್ದ ಮಗ ಪೂರ್ತಿ ಮರೆಯಾದ. ಹುಡುಗರು ನಾಲ್ಕು ಮೆಟ್ಟಿಲು ಬಿಟ್ಟು ಹಿಂಬಾಲಿಸಿದರು. ಅವಳು ಕೆಂಡವನ್ನು ಊದಿದಳು, ಹತ್ತಿದಳು, ಮತ್ತೆ ಊದಿದಳು.

ಗೂಡು ಇನ್ನೂ ಮೇಲಿರುವಾಗಲೇ ಕೆಂಡ ಬೂದಿಯಾಯಿತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

“ಮುಚ್ಚಳ ತೆಗೀರಿ ದೋನ್ಯಾ,” ಎಂದ ದುಬೆರ್ನೆ.

“ತೆಗೆದ್ರೆ ಗಾಳಿಗೆ ಆರುತ್ತೆ.”

“ಈಗ ಆರಿಲ್ವಾ?”

“ಸುಳ್ಳು ಹೇಳೋ ವಯಸ್ಸೇನೋ ನಂದು? ನಿಂಗೆ ದಡಾರ ಆದಾಗ ಗಂಜಿ ಕುಡಿಸ್ದೋಳು ನಾನು.”

ಡಬ್ಬಿಯಲ್ಲಿರುವುದು ಬರೀ ಬೂದಿ ಎಂದು ಅವನಿಗೆ ಗೊತ್ತಿತ್ತು. ಪಕ್ಕದವನು ಎತ್ತಿದ ಪಿಸ್ತೂಲನ್ನು ದುಬೆರ್ನೆ ಕೈಯಿಂದ ಕೆಳಗೊತ್ತಿದ. ಮೇಲೆ ಫೆರ್ನೆ ಗೂಡು ದಾಟಿ ಓಡಿದ ಸದ್ದು ಕೇಳಿತು.

“ಅವನು ಹೋದ. ನೀವು ಇಳೀರಿ,” ಎಂದ ದುಬೆರ್ನೆ.

ಇಳಿಯಲು ಅವಳು ಪಕ್ಕಕ್ಕೆ ಸರಿಯಬೇಕಿತ್ತು. ಸರಿದರೆ ಮೆಟ್ಟಿಲಿನ ಆ ನೇರ ಏರಿನಲ್ಲಿ ಮಗನ ಬೆನ್ನು ಪಿಸ್ತೂಲುಗಳಿಗೆ ಇನ್ನೂ ಕಾಣುತ್ತಿತ್ತು. ಅವಳು ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹತ್ತಿದಳು.

“ಗೆರೆ ದಾಟಿದ್ರೆ ನೀವೂ ಮೇಲಿನವರೇ. ಆಮೇಲೆ ಕೆಳಗೆ ನಿಮಗೆ ಮನೆ ಇಲ್ಲ, ಹೇಳ್ಬಿಟ್ಟಿದೀನಿ.”

ಅವಳು ಮಾತೆಯ ಗೂಡನ್ನು ಹಿಂದು ಹಿಂದಾಗಿಯೇ ದಾಟಿದಳು. ಕೆಳಗೆ ಬ್ಯಾಂಡಿನವರು ಕೊನೆಯ ಹಾಡು ಬಾರಿಸುತ್ತಿದ್ದರು.

ಮೂರನೇ ದಿನ ಕೆಳಗಿನ ನೆರೆಮನೆಯ ಅಲೇಯ್ದಾ ಫೋನು ಮಾಡಿದಳು. ಫೆರ್ನೆಯ ಅಡುಗೆಮನೆಯಲ್ಲಿ, ನಿದಿಯಾ ತೋರಿಸಿದ ಸ್ಟೂಲಿನ ಮೇಲೆ ಕೂತು ಲುದಿವಿಯಾ ಕಿವಿಗೊಟ್ಟಳು.

“ಬರಬೇಡಿ ದೋನ್ಯಾ. ಹುಡುಗರು ನಿಮ್ಮ ಮನೆಗೆ ಬೇರೆ ಬೀಗ ಹಾಕಿದಾರೆ. ಒಳಗೆ ಅವರೇ ಮಲಗ್ತಾರೆ.”

“ಕೋಳಿಗಳಿಗೆ ನೀರು ಇಡ್ತಾರಂತಾ?”

“ಕೋಳಿ ಎಲ್ಲಿ, ಅವತ್ತೇ ಕುಯ್ದ್ರು. ನಿಮ್ಮ ಹಂಡೇಲೇ ಬೇಯಿಸಿದ್ರು.”

“ಹಂಡೆಲಿ ಪುಡಿ ಇತ್ತಲ್ಲೇ! ತೊಳೆದ್ರಾ?”

“ಗೊತ್ತಿಲ್ಲ ದೋನ್ಯಾ.”

“ತೊಳೀಬೇಕು ಅಂತ ಹೇಳು. ಮೂರು ನೀರಲ್ಲಿ ತೊಳೀಬೇಕು. ಹೊಟ್ಟೆ ಕೆಡುತ್ತೆ ಮುಂಡೇವಕ್ಕೆ.”

ಅಲೇಯ್ದಾ ಆಯ್ತು ಎಂದು ಫೋನು ಇಟ್ಟಳು. ಲುದಿವಿಯಾ ಇನ್ನೂ ಸ್ವಲ್ಪ ಹೊತ್ತು, ಹಂಡೆಯನ್ನು ಯಾವ ಬಟ್ಟೆಯಲ್ಲಿ ಹಿಡಿಯಬೇಕು, ಬೂದಿ ಎಷ್ಟು ಹಾಕಿ ಉಜ್ಜಬೇಕು ಎಂದು ಹೇಳುತ್ತಲೇ ಇದ್ದಳು. ಕೊನೆಗೆ ಫೆರ್ನೆ ಬಂದು ಅವಳ ಕೈಯಿಂದ ಫೋನು ತೆಗೆದುಕೊಂಡ.